ನಾಲ್ಕನೇ ಮೇಜಿನ ಫೆನ್ನಾ

ಅಲೆಯ್ಡಾಳಿಗೂ ಲೇಂಡರ್ಟನಿಗೂ ವಿಚ್ಛೇದನ ಯಾಕಾಯಿತು ಅಂತ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ಬಹಳ ವರ್ಷವಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವನು, ನಾವಿಬ್ಬರೂ ಕೊನೇತನಕ ಹೀಗೇ ಇರ್ತೀವಾ ಅಂತ ಕೇಳಿದನಂತೆ. ಅವಳು ತಟ್ಟೆಯಿಂದ ತಲೆ ಎತ್ತದೆ, ಅದಕ್ಕೆ ನಾಲ್ಕು ಸಾಧ್ಯತೆಗಳಿವೆ ಅಂದಳಂತೆ. ಅವನು ಜಲಮಂಡಳಿಯ ಅಧ್ಯಕ್ಷ, ಕಡಲನ್ನು ತಡೆಯುವ ಏರಿಗಳನ್ನು ಕಾಯುವವನು. ಏರಿ ಎಷ್ಟು ಎತ್ತರ ಇರಬೇಕು ಅಂದರೆ ಒಂದೇ ಒಂದು ಅಂಕಿ ಬೇಕು ಅನ್ನುವ ಜಾತಿ. ಮಾರನೇ ವಾರ ವಕೀಲರನ್ನು ಹಿಡಿದ.

ಅಲೆಯ್ಡಾ ನನ್ನ ಮೇಲಧಿಕಾರಿ. ಹೇಗ್ ನಗರದ ನಮ್ಮ ಸಂಸ್ಥೆಯಲ್ಲಿ ನಾಳೆಗಳನ್ನು ತಯಾರಿಸುವುದೇ ಕಸುಬು. ಹವಾಮಾನ ಹೀಗೇ ಕೆಡುತ್ತಾ ಹೋದರೆ, ಅಥವಾ ಕೆಡದಂತೆ ಜನ ಹಿಡಿದುಕೊಂಡರೆ, ಈ ಶತಮಾನದ ಕೊನೆಗೆ ದೇಶ ಹೇಗಿರಬಹುದು ಅಂತ ಕಥೆ ಕಟ್ಟುತ್ತೇವೆ. ಕಥೆಗೆ ತಕ್ಕಂತೆ ಪಕ್ಕದ ಕೋಣೆಯವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ: ಕಡಲು ಎಷ್ಟು ಏರುತ್ತದೆ, ಜನ ಎಷ್ಟಾಗುತ್ತಾರೆ, ಹಸುಗಳು ಎಷ್ಟು ಉಳಿಯುತ್ತವೆ. ಲೆಕ್ಕ ಅವರದು, ಕಥೆ ನನ್ನದು. ಯಾವ ನಾಳೆ ಬಂದೀತು ಅಂತ ಮಾತ್ರ ನಾವು ಹೇಳುವುದಿಲ್ಲ. ಹೇಳಿದರೆ ನಮಗೂ ಜಾತ್ರೆಯ ಡೇರೆಯಲ್ಲಿ ಕೈನೋಡುವವಳಿಗೂ ವ್ಯತ್ಯಾಸ ಉಳಿಯುವುದಿಲ್ಲ, ಅವಳಿಗೆ ನಮಗಿಂತ ಹೆಚ್ಚು ಗಿರಾಕಿ ಅನ್ನುವುದು ಬೇರೆ ಮಾತು.

ಆ ಸಲ ಸಚಿವಾಲಯಕ್ಕೆ ನಾವು ಕಟ್ಟಿಕೊಟ್ಟದ್ದು ನಾಲ್ಕು ನಾಳೆ. ಮೂರು ಮಾಡಿದರೆ ಮಂತ್ರಿಗಳು ಕಣ್ಣುಮುಚ್ಚಿ ನಡುವಿನದನ್ನು ಎತ್ತಿಕೊಳ್ಳುತ್ತಾರೆ, ನಾಲ್ಕಕ್ಕೆ ನಡು ಇಲ್ಲ. ಅಲೆಯ್ಡಾ ಇಟ್ಟ ಹೆಸರುಗಳು ನೆಟ್ಟಗಿದ್ದವು. ಮೊದಲನೆಯದು ‘ಗೋಡೆ’: ಹೊಗೆ ಬೇಕಾದಷ್ಟು, ದುಡ್ಡೂ ಬೇಕಾದಷ್ಟು, ಏರಿಗಳನ್ನು ಮುಗಿಲಿಗೆ ಏರಿಸುತ್ತಾ ಹೋಗುವುದು. ಎರಡನೆಯದು ‘ತೋಟ’: ಎಲ್ಲರಿಗೂ ಬುದ್ಧಿ ಬರುತ್ತದೆ. ಇದನ್ನು ಅವಳೇ ನಂಬುತ್ತಿರಲಿಲ್ಲ, ಆದರೆ ಒಂದಾದರೂ ಒಳ್ಳೆಯದು ಇರಲಿ ಅಂತ ಮೇಲಿನಿಂದ ಸೂಚನೆಯಿತ್ತು. ಮೂರನೆಯದು ‘ಜಗಳ’: ಪ್ರತಿ ಪ್ರಾಂತ್ಯವೂ ತನ್ನ ಏರಿ ತಾನು ಕಟ್ಟಿಕೊಂಡು ನೀರನ್ನು ಪಕ್ಕದವರ ಮೇಲೆ ನೂಕುತ್ತದೆ. ನಾಲ್ಕನೆಯದು ‘ಗಂಟುಮೂಟೆ’: ತಗ್ಗಿನ ಊರುಗಳನ್ನು ಕಡಲಿಗೆ ಬಿಟ್ಟು ಜನ ಎತ್ತರಕ್ಕೆ ಸರಿಯುವುದು.

ಸಚಿವಾಲಯದಿಂದ ನಮ್ಮನ್ನು ನೋಡಿಕೊಳ್ಳಲು ಹೆಸ್ಟರ್ ಎಂಬಾಕೆ ಬರುತ್ತಿದ್ದಳು. ಚುರುಕು ಹೆಂಗಸು, ಇಸ್ತ್ರಿ ಮಾಡಿದಂತಹ ಮಾತು. ಅವಳ ಕೈಗೆ ಹೋಗಿ ಬಂದ ಹೆಸರುಗಳು ಮಡಿಯಾಗಿ ಬಂದವು. ಗೋಡೆ ‘ದೃಢತೆ’ ಆಯಿತು. ತೋಟ ‘ಸಾಮರಸ್ಯ’. ಜಗಳ, ದೇವರೇ ಕಾಪಾಡಬೇಕು, ‘ವೈವಿಧ್ಯ’. ಗಂಟುಮೂಟೆ ‘ಕಡಲಿಗೊಂದಿಷ್ಟು ಜಾಗ’ ಆಯಿತು. ಅಲೆಯ್ಡಾ ಆ ಹಾಳೆಯನ್ನು ಓದಿ, ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಳು. ಮೇಜು ನಿಂತಿತು.

ಆಮೇಲೆ ಹೆಸ್ಟರ್ ಹೊಸ ಆಸೆ ಮುಂದಿಟ್ಟಳು. ನಾಳೆಗಳನ್ನು ಜನರ ನಡುವೆ ಇಟ್ಟು ಪರೀಕ್ಷೆ ಮಾಡಬೇಕು, ಜನರ ದನಿ ವರದಿಯಲ್ಲಿ ಬರಬೇಕು. ಯಾವ ಜನ? ಜೀಲಂಡ್ ಪ್ರಾಂತ್ಯದ ಔದೆಕ್ರೇಕ್ ಅನ್ನುವ ಹಳ್ಳಿಯವರು. ಸಮುದ್ರದಿಂದ ಮುತ್ತಾತಂದಿರು ಕಿತ್ತುಕೊಂಡ ನೆಲ, ಏರಿ ಇಲ್ಲದಿದ್ದರೆ ಭರತದ ಹೊತ್ತಿಗೆ ಮೀನು ಓಡಾಡುವ ಜಾಗ. ಆ ಏರಿ ಕಾಯುವವನು ಲೇಂಡರ್ಟ್.

“ನಾನು ಹೋಗಲ್ಲ. ಯೋಸ್ಟ್, ನೀನು ಹೋಗು,” ಅಂದಳು ಅಲೆಯ್ಡಾ ನನಗೆ.

ಆದರೆ ಹೋದಳು. ರೈಲಿನಲ್ಲಿ ಉದ್ದಕ್ಕೂ ಅವನ ಬಗ್ಗೆ ಬೈಯುತ್ತಾ ಬಂದಳು. ಇಳಿಯುವ ಮುಂಚೆ ಕಿಟಕಿಯ ಗಾಜಿನಲ್ಲಿ ಕೂದಲು ಸರಿ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳೋಣ.

ಊರಿನ ಸಮುದಾಯ ಭವನದಲ್ಲಿ ಲೇಂಡರ್ಟ್ ಕಾಫಿ ಹಾಕಿಸಿಟ್ಟಿದ್ದ. ತಲೆಗೊಂದು ಬಿಸ್ಕತ್ತು, ಡಬ್ಬಿಯ ಮುಚ್ಚಳ ಕೂಡಲೇ ಹಾಕಿಬಿಡುವುದು, ಅದು ನಮ್ಮ ದೇಶದ ಸಂಪ್ರದಾಯ. ಆದರೆ ಊರಿನ ಹೆಂಗಸರು ದಾಲ್ಚಿನ್ನಿ ಸಕ್ಕರೆಯಲ್ಲಿ ಅದ್ದಿದ ಬೋಲಸ್ ಬನ್ನುಗಳನ್ನು ತಟ್ಟೆ ತುಂಬ ತಂದಿದ್ದರು, ಹಾಗಾಗಿ ಜನ ಉಳಿದರು. ಅಧ್ಯಕ್ಷನಾಗಿ ಅವನು ನಾಲ್ಕು ಮಾತಾಡಿದ. ಹೇಗ್‌ನಿಂದ ಬಂದ ವಿದ್ವಾಂಸರು ನಮಗೆ ನಾಲ್ಕು ಭವಿಷ್ಯ ತಂದಿದ್ದಾರೆ, ನನಗೆ ವೈಯಕ್ತಿಕವಾಗಿ ಅದರ ಅನುಭವ ಇದೆ, ಒಂದು ಸಲಕ್ಕೆ ಒಂದೇ ಒದಗುತ್ತೆ ಅಂದ. ಸಭೆ ನಕ್ಕಿತು. ಅಲೆಯ್ಡಾ, ಅಧ್ಯಕ್ಷರಿಗೆ ಒದಗಿದ್ದು ಅವರ ಯೋಗ್ಯತೆಗೆ ಮೀರಿದ್ದು ಅಂತ ಮೆಲ್ಲಗೆ ಹೇಳಿದಳು, ಮೈಕು ಆನ್ ಇತ್ತು. ಸಭೆ ಇನ್ನೂ ಜೋರಾಗಿ ನಕ್ಕಿತು. ಹೆಸ್ಟರ್ ನೆಲ ನೋಡಿದಳು.

ಆಟದ ನಿಯಮ ಸರಳ. ನಾಲ್ಕು ಮೇಜು, ಮೇಜಿಗೊಂದು ನಾಳೆ. ಯಾರು ಯಾವ ಮೇಜಿಗೆ ಅನ್ನುವುದು ಚೀಟಿ ಎತ್ತಿ. ಕೂತವರಿಗೆಲ್ಲ ಒಂದೊಂದು ಕಾರ್ಡು: ಶತಮಾನದ ಕೊನೆಯಲ್ಲಿ ನೀವು ಯಾರು. ಕಾರ್ಡುಗಳನ್ನು ಬರೆದವನು ನಾನು. ಜನ ತಮ್ಮ ಹಿತಾಸಕ್ತಿ ಮರೆತು ಬೇರೆಯವರ ಕಣ್ಣಿಂದ ನೋಡಲಿ ಅಂತ ಪುಸ್ತಕಗಳಲ್ಲಿ ಬರೆದಿರುತ್ತದಲ್ಲ, ಅದು.

ಅಲ್ಲಿ ಕ್ರೈನ್ ಎಂಬ ಈರುಳ್ಳಿ ಬೆಳೆಗಾರ ಇದ್ದ. ಎಪ್ಪತ್ತು ದಾಟಿದ ಆಳು, ಬಾಗಿಲು ತುಂಬುವ ದೇಹ, ಪೊದೆಯಂತಹ ಬಿಳಿ ಮೀಸೆ. ಏರಿ ಒಡೆದು ನೆಲ ಬಿಟ್ಟುಕೊಡುವ ಮಾತನ್ನು ಯಾರೇ ಎತ್ತಲಿ, ಟ್ರ್ಯಾಕ್ಟರ್ ಹತ್ತಿ ಪ್ರಾಂತ್ಯದ ಕಚೇರಿಯ ಮುಂದೆ ನಿಲ್ಲುತ್ತಿದ್ದವನು ಅವನೇ. ಒಂದು ಸಲ ಕಚೇರಿಯ ಮೆಟ್ಟಿಲ ಮೇಲೆ ಗಾಡಿಗಟ್ಟಲೆ ಈರುಳ್ಳಿ ಸುರಿದು, ಈಗ ಅಳಿ ಅಂತ ಹೇಳಿ ಬಂದಿದ್ದನಂತೆ. ಚೀಟಿ ಎತ್ತಿದಾಗ ಅವನಿಗೆ ಬಂದದ್ದು ನಾಲ್ಕನೇ ಮೇಜು. ಕಾರ್ಡು ಎತ್ತಿದಾಗ ಬಂದದ್ದು ಫೆನ್ನಾ: ವಯಸ್ಸು ಮೂವತ್ತು ಚಿಲ್ಲರೆ, ಒಂಟಿ ತಾಯಿ, ತೇಲುವ ಮನೆಯಲ್ಲಿ ವಾಸ, ಏರಿ ಒಡೆದ ಜಾಗದಲ್ಲಿ ಕಾಫಿ ಅಂಗಡಿ.

ಕ್ರೈನ್ ಕಾರ್ಡನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. ನಾನು ಬಾಗಿಲಿಂದ ಎಷ್ಟು ದೂರ ಇದ್ದೇನೆ ಅಂತ ಲೆಕ್ಕ ಹಾಕಿದೆ. ಅವನು ಅಲೆಯ್ಡಾಳನ್ನು ಕರೆದ.

“ಮೇಡಂ, ಈ ‘ಕಡಲಿಗೊಂದಿಷ್ಟು ಜಾಗ’ ಅನ್ನೋದಕ್ಕೆ ಸಚಿವಾಲಯದವರು ಸ್ನಾನ ಮಾಡಿಸೋ ಮುಂಚೆ ಏನು ಹೆಸರಿತ್ತು?”

“ಗಂಟುಮೂಟೆ.”

“ಹಾಂ. ಹಾಗೆ ಹೇಳಿ ಮತ್ತೆ,” ಅಂದು ಕುರ್ಚಿ ಎಳೆದುಕೊಂಡು ಕೂತ. “ನಾನೀಗ ಫೆನ್ನಾ. ಯಾರಾದರೂ ನಕ್ಕರೆ ನೋಡಿ.”

ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲ ಅರ್ಧ ಗಂಟೆ ಎಲ್ಲಾ ಮೇಜುಗಳೂ ಸಭ್ಯವಾಗಿದ್ದವು. ಆಮೇಲೆ ‘ಗೋಡೆ’ ಮೇಜಿನವರಲ್ಲಿ ಕಚ್ಚಾಟ ಶುರುವಾಯಿತು. ಅಷ್ಟು ಎತ್ತರದ ಏರಿಗೆ ತೆರಿಗೆ ಯಾರು ಕೊಡಬೇಕು, ಏರಿಯ ನೆರಳಿಗೆ ಬಿದ್ದ ಹೊಲದವನು ಕೊಡಬೇಕಾ ಬೇಡವಾ ಅಂತ. ‘ಜಗಳ’ದ ಮೇಜಿನವರು ಮಾತ್ರ ಒಗ್ಗಟ್ಟಾಗಿದ್ದರು, ಪಕ್ಕದ ಪ್ರಾಂತ್ಯದವರನ್ನು ಬೈಯುವುದರಲ್ಲಿ ಅವರಿಗೆ ಮೊದಲೇ ಅಭ್ಯಾಸವಿತ್ತು. ‘ತೋಟ’ದ ಮೇಜಿನಲ್ಲಿ ಊರಿನ ಪಾದ್ರಿಗಳು ಕೂತಿದ್ದರು, ಅಲ್ಲಿ ಎಲ್ಲರೂ ಎಲ್ಲದಕ್ಕೂ ಒಪ್ಪಿ, ಕೆಲಸ ಮುಗಿಸಿ, ಆಕಳಿಸುತ್ತಿದ್ದರು.

ಗದ್ದಲವೆಲ್ಲ ಇದ್ದದ್ದು ನಾಲ್ಕನೇ ಮೇಜಿನಲ್ಲಿ. ಫೆನ್ನಾ ಎದ್ದು ನಿಂತು ನಕ್ಷೆಯ ಮೇಲೆ ಕೈ ಊರಿದ್ದಳು. ಇಲ್ಲಿ ಕಪ್ಪೆಚಿಪ್ಪು ಸಾಕಬಹುದು, ಇಲ್ಲಿ ಉಪ್ಪುನೀರು ಬರುತ್ತೆ, ಇಲ್ಲಿ ಹಳೇ ಒಳ ಏರಿಯ ಹಿಂದೆ ಊರು ಕಟ್ಟಬೇಕು, ಶಾಲೆ ಮೊದಲು, ಚರ್ಚು ಆಮೇಲೆ, ಪಾದ್ರಿಗಳು ಬೇಸರ ಮಾಡ್ಕೋಬಾರದು. ತನ್ನ ಕಾಫಿ ಅಂಗಡಿಯನ್ನು ಗಾಳಿಗೆ ಬೆನ್ನು ಮಾಡಿ ಇಡದೆ ಮೂತಿ ಮಾಡಿ ಇಟ್ಟವನು ಯಾವ ಗಾಂಪ ಅಂತ ಕೇಳಿದಳು. ನಾನು ಕೈ ಎತ್ತಲಿಲ್ಲ. ಬೇರೆ ಮೇಜುಗಳಿಂದ ಒಬ್ಬೊಬ್ಬರೇ ಬನ್ನು ಹಿಡಿದುಕೊಂಡು ಎದ್ದು ಬಂದು ಸುತ್ತ ನಿಂತರು. ಹೆಸ್ಟರ್ ನನ್ನ ತೋಳು ಹಿಡಿದು, ಅವರನ್ನು ವಾಪಸ್ ಕೂರಿಸಿ, ಇಲ್ಲದಿದ್ದರೆ ದತ್ತಾಂಶ ಕೆಡುತ್ತೆ ಅಂದಳು. ಕೂರಿಸಲು ಆಗುವ ಸ್ಥಿತಿ ಇರಲಿಲ್ಲ.

ಲೇಂಡರ್ಟನಿಗೆ ಇದು ತಮಾಷೆಯಾಗಿ ಕಂಡಿತು. ಅವನೂ ಕ್ರೈನೂ ಬಾಲ್ಯದಿಂದ ಪರಿಚಯಸ್ಥರು.

“ಏನಮ್ಮಾ ಫೆನ್ನಾ,” ಅಂದ, “ಇಷ್ಟೆಲ್ಲ ಗೊತ್ತಿದ್ದ ಊರಿನವರು ನೀವು, ಎಪ್ಪತ್ತು ವರ್ಷ ಮುಂಚೆಯೇ ಯಾಕೆ ಎದ್ದು ಹೋಗಲಿಲ್ಲ?”

ಕ್ರೈನ್ ಮೀಸೆ ಸವರಿದ.

“ಹೋಗ್ತಿದ್ವಿ. ನಮ್ಮ ಮುತ್ತಜ್ಜ ಅಂತ ಒಬ್ಬ ಇದ್ದನಂತೆ, ಈರುಳ್ಳಿ ಬೆಳೀತಿದ್ದ. ಮಹಾ ಮೊಂಡ. ಯಾರು ಏನು ಹೇಳಿದರೂ ಟ್ರ್ಯಾಕ್ಟರ್ ಹತ್ತಿಬಿಡ್ತಿದ್ದನಂತೆ. ಅವನ ಮಾತು ಕೇಳ್ಕೊಂಡು ಊರೆಲ್ಲ ಕೂತುಬಿಡ್ತು. ಆಮೇಲೆ ಒದ್ದೆ ಚಡ್ಡೀಲಿ ಓಡಬೇಕಾಯ್ತು.”

ಆ ನಗು ಭವನದ ತಗಡು ಅಲುಗಿಸುವ ಹಾಗಿತ್ತು. ಕ್ರೈನ್ ಕೂಡ ನಕ್ಕ. ನಗುತ್ತಲೇ ನಕ್ಷೆಯ ಮೇಲೆ ಬೆರಳು ಓಡಿಸುತ್ತಿದ್ದ. ಚರ್ಚಿನ ಗುರುತಿನ ಹತ್ತಿರ ಬೆರಳು ನಿಂತಿತು. ಅಲ್ಲೇ ಇತ್ತು, ತೆಗೆಯಲಿಲ್ಲ.

“ಇವರನ್ನ ಎಲ್ಲಿಗೆ ಸಾಗಿಸಿದ್ರಿ?” ಅಂತ ಕೇಳಿದ. ಯಾರನ್ನು ಅಂತ ಹೇಗ್‌ನಿಂದ ಬಂದ ನಮಗೆ ಹೊಳೆಯಲಿಲ್ಲ. ಅವನ ದನಿ ಫೆನ್ನಾಳದ್ದಾಗಿರಲಿಲ್ಲ.

ಆ ಊರಿನ ಚರ್ಚಿನ ಹಿಂದೆ ಒಂದು ಸಾಲು ಗೋರಿಗಳಿವೆ, ಎಲ್ಲದರ ಮೇಲೂ ಒಂದೇ ತಾರೀಖು. ಐವತ್ಮೂರನೇ ಇಸವಿಯ ಚಳಿಗಾಲದಲ್ಲಿ ಕಡಲು ಏರಿಯನ್ನು ಒಡೆದು ಬಂದಾಗ ಹೋದವರು. ಕ್ರೈನ್ ಆಗ ಮೂರು ವರ್ಷದ ಮಗು, ಅಪ್ಪನ ಹೆಗಲ ಮೇಲಿದ್ದ, ಉಳಿದ. ತಾಯಿ, ಅಕ್ಕ ಉಳಿಯಲಿಲ್ಲ. ಊರವರಿಗೆಲ್ಲ ಗೊತ್ತಿದ್ದದ್ದೇ, ಹಾಗಾಗಿ ಯಾರೂ ಎಂದೂ ಮಾತಾಡುತ್ತಿರಲಿಲ್ಲ. ನಮಗೆ ಪಾದ್ರಿಗಳು ಕಿವಿಯಲ್ಲಿ ಹೇಳಿದರು.

ನಾನು ಬರೆದ ಕಥೆಯಲ್ಲಿ ಸ್ಮಶಾನ ಇರಲಿಲ್ಲ. ಪಕ್ಕದ ಕೋಣೆಯ ಲೆಕ್ಕದಲ್ಲೂ ಇರಲಿಲ್ಲ. ಹಸುಗಳಿದ್ದವು, ಗಾಳಿಯಂತ್ರಗಳಿದ್ದವು, ಬೀದಿಬೀದಿಗೆ ವಿದ್ಯುತ್ ಕಾರುಗಳಿದ್ದವು, ಸತ್ತವರನ್ನು ಯಾರೂ ಎಣಿಸಿರಲಿಲ್ಲ. ಹೆಸ್ಟರ್ ಮುಂದೆ ಬಂದು, ಇದು ಬಹಳ ಮುಖ್ಯವಾದ ಭಾವನಾತ್ಮಕ ಅಂಶ, ಇದನ್ನು ನಾವು ಖಂಡಿತ ಗುರುತಿಸಿಕೊಳ್ಳುತ್ತೇವೆ ಅಂದಳು. ಕ್ರೈನ್ ಅವಳನ್ನು ನೋಡಿದ. ಸಿಟ್ಟಿರಲಿಲ್ಲ, ದಣಿದವನಂತೆ ನೋಡಿದ.

“ಅಂಶ ಅಲ್ಲ ಕಣಮ್ಮಾ. ನಮ್ಮವ್ವ. ಒಂದು ಸಲ ಮುಳುಗಿ ಸತ್ತವಳನ್ನ ಇನ್ನೊಂದು ಸಲ ಮುಳುಗಿಸೋಕೆ ನಾನು ಬಿಡಲ್ಲ. ನಿಮ್ಮ ಒಂದನೇದು, ಎರಡನೇದು, ನಾಲ್ಕನೇದು ಯಾವುದೇ ಬರಲಿ, ಮೊದಲು ಅವರು ಎತ್ತರಕ್ಕೆ ಹೋಗಬೇಕು. ಆಮೇಲೆ ನಾವು ಜಗಳ ಆಡೋಣ.”

ಅಷ್ಟು ಹೇಳಿ ಕಾರ್ಡನ್ನು ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಹೊರಟ. ಹೋಗುವಾಗ ಎರಡು ಬನ್ನು ಎತ್ತಿಕೊಂಡು ಹೋದ.

ಹೇಗ್‌ಗೆ ಮರಳಿ ವರದಿ ಬರೆಯಲು ಕೂತಾಗ ಅಲೆಯ್ಡಾ ಕ್ರೈನನ ಆ ಮಾತನ್ನು ಇದ್ದ ಹಾಗೇ ಮೊದಲ ಪುಟಕ್ಕೆ ಹಾಕಿಸಿದಳು. ಹೆಸ್ಟರ್ ಅದನ್ನು ಅನುಬಂಧಕ್ಕೆ ಸರಿಸಿದಳು. ಅಲೆಯ್ಡಾ ವಾಪಸ್ ತಂದಳು. ಹೆಸ್ಟರ್, ಮಂತ್ರಿಗಳು ಓದುವ ಪುಟದಲ್ಲಿ ಸ್ಮಶಾನ ಬೇಡ, ಚುನಾವಣೆ ಹತ್ತಿರ ಇದೆ ಅಂದಳು. ಹಾಗಾದರೆ ಮಂತ್ರಿಗಳು ಎರಡನೇ ಪುಟದಿಂದ ಓದಲಿ ಅಂದಳು ಅಲೆಯ್ಡಾ. ಒಂದು ತಿಂಗಳು ಹೀಗೇ ಎಳೆದಾಡಿ, ಕೊನೆಗೆ ಮಾತು ಮೊದಲ ಪುಟದಲ್ಲೇ ಉಳಿಯಿತು, ಸಣ್ಣ ಅಕ್ಷರದಲ್ಲಿ.

ಮಂತ್ರಿಗಳು ಓದಿದರೋ ಇಲ್ಲವೋ, ನಾಲ್ಕೂ ನಾಳೆಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರು. ನಿಜಕ್ಕೂ ಹಾಗೇ ಆಯಿತು. ಸಂಸತ್ತಿನಲ್ಲಿ ಎದ್ದು ನಿಂತು, ಸರ್ಕಾರ ಯಾವ ಅತಿರೇಕಕ್ಕೂ ಹೋಗದೆ ನಾಲ್ಕರ ಸರಾಸರಿಯನ್ನು ಆಧಾರವಾಗಿಟ್ಟುಕೊಳ್ಳುತ್ತದೆ ಅಂದರು. ಅರ್ಧ ಬಿಟ್ಟುಕೊಟ್ಟ ಊರು ಹೇಗಿರುತ್ತದೆ, ಮುಕ್ಕಾಲು ಬುದ್ಧಿ ಬಂದ ಜನ ಹೇಗಿರುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾವು ಕಚೇರಿಯ ಟಿವಿಯಲ್ಲಿ ನೋಡುತ್ತಿದ್ದೆವು.

“ನಾಲ್ಕು ದಾರಿಗಳ ಸರಾಸರಿ ಅಂದ್ರೆ ಯಾರದೋ ಹೊಲದ ಮಧ್ಯ ಕಣೋ ಯೋಸ್ಟ್,” ಅಂದಳು ಅಲೆಯ್ಡಾ. ಟಿವಿ ಆರಿಸಿ, ಕೋಟು ತಗೊಂಡು ಮನೆಗೆ ಹೋದಳು. ಮೂರು ವರ್ಷದ ಕೆಲಸ. ಮಾರನೇ ದಿನವೂ ಬರಲಿಲ್ಲ. ಆ ವಾರ ನಾನು ಅವಳಿಗೆ ಫೋನು ಮಾಡಿದಾಗಲೆಲ್ಲ ಹಿಂದೆ ಗುದ್ದಲಿಯ ಸದ್ದು ಕೇಳುತ್ತಿತ್ತು, ಹಿತ್ತಲಲ್ಲಿ ಏನೋ ಅಗೆಯುತ್ತಿದ್ದಳು. ಏನು ನೆಡ್ತಿದ್ದೀಯಾ ಅಂದರೆ, ಏನೂ ಇಲ್ಲ, ಸುಮ್ಮನೆ ಅಗೀತಿದ್ದೀನಿ ಅಂದಳು.

ಔದೆಕ್ರೇಕಿನಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು. ಸರಾಸರಿಯ ಸುದ್ದಿ ಬಂದ ಮೇಲೆ ಊರಿನವರು ಚರ್ಚಿನಲ್ಲಿ ಸೇರಿದರಂತೆ. ಗೋರಿಗಳನ್ನು ಒಳ ಏರಿಯ ಹಿಂದಿನ ಎತ್ತರದ ನೆಲಕ್ಕೆ ಸಾಗಿಸುವ ಮಾತು ಬಂತು. ಎತ್ತರದ ನೆಲ ಯಾರದು? ಕ್ರೈನನದೇ, ಅವನ ಹೊಲದಲ್ಲೆಲ್ಲ ಒಳ್ಳೆಯ ತುಂಡು. ಎಲ್ಲರೂ ಬೇರೆ ಕಡೆ ನೋಡುತ್ತಾ ಕೂತಿದ್ದಾಗ ಅವನೇ, ತಗೊಳ್ಳಿ ಅಂದ. ಯಾರೋ ಕೆಣಕಿದರು: ಬಿಟ್ಟುಕೊಡಲ್ಲ ಅಂತ ಬೋರ್ಡು ಹಾಕಿದ್ದೀಯಲ್ಲ ಗೇಟಿಗೆ, ಈಗ ಫೆನ್ನಾ ಆಗಿಬಿಟ್ಟೆಯಾ ಅಂತ. ಬೋರ್ಡು ಅಲ್ಲೇ ಇರುತ್ತೆ, ಏರಿ ಒಡೆಯೋಕೆ ಬಂದವನ ಮೇಲೆ ಟ್ರ್ಯಾಕ್ಟರೂ ಬರುತ್ತೆ, ಇದು ಬೇರೆ ವಿಷಯ ಅಂದನಂತೆ. ಎರಡೂ ಹೇಗೆ ಒಟ್ಟಿಗೆ ನಿಜ ಆಗುತ್ತೆ ಅಂತ ಕೇಳುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ. ಕಾಗದಪತ್ರದ ಕೆಲಸವನ್ನೆಲ್ಲ ಲೇಂಡರ್ಟ್ ಓಡಾಡಿ ಮುಗಿಸಿದ. ಜಲಮಂಡಳಿಗೂ ಸ್ಮಶಾನಕ್ಕೂ ಏನು ಸಂಬಂಧ ಅಂತ ಪ್ರಾಂತ್ಯದವರು ಕೇಳಿದಾಗ, ಎರಡೂ ಜನರನ್ನ ನೀರಿಂದ ದೂರ ಇಡೋ ಕೆಲಸ ಅಂದನಂತೆ. ಈ ಮಾತು ಕೇಳಿ ಅಲೆಯ್ಡಾ, ಪರವಾಗಿಲ್ಲ, ಬೆಳೆದಿದ್ದಾನೆ ಅಂದಳು.

ಗೋರಿ ಸಾಗಿಸುವ ದಿನ ನಮ್ಮನ್ನೂ ಕರೆದಿದ್ದರು. ಹೆಸ್ಟರ್ ತಾನಾಗಿ ಬಂದಿದ್ದಳು, ಸಚಿವಾಲಯಕ್ಕೆ ರಜೆ ಹಾಕಿ. ನಮ್ಮಂತೆ ಅವಳೂ ಕಪ್ಪು ಬಟ್ಟೆ ಹಾಕಿದ್ದಳು, ಕಾಲಲ್ಲಿ ಹಿಮ್ಮಡಿ ಎತ್ತರದ ಷೂ. ಇಷ್ಟು ವರ್ಷದ ಮೇಲೆ ಮಣ್ಣಿನಲ್ಲಿ ಉಳಿದಿರುವುದು ಹೆಚ್ಚೇನಿರುವುದಿಲ್ಲ, ಹಾಗಾಗಿ ಪೆಟ್ಟಿಗೆಗಳು ಚಿಕ್ಕವು. ಕ್ರೈನ್ ತಾಯಿಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಅಕ್ಕನದ್ದನ್ನು ಲೇಂಡರ್ಟನ ಕೈಗೆ ಕೊಟ್ಟ. ಚರ್ಚಿನಿಂದ ಒಳ ಏರಿಯ ತನಕ ಗಾಳಿ ಎದುರಿಗೇ ಇತ್ತು. ಪಾದ್ರಿಗಳು ಪ್ರಾರ್ಥನೆ ಚುಟುಕಾಗಿ ಮುಗಿಸಿದರು, ನಮ್ಮಲ್ಲಿ ಅದೊಂದು ದೊಡ್ಡ ಗೌರವ.

ಮಣ್ಣು ಮುಚ್ಚಿ ಆದ ಮೇಲೆ ಜನ ಕಾಫಿಗೆ ಅಂತ ಕ್ರೈನನ ಮನೆ ಕಡೆ ಹೊರಟರು. ಅವನು ಮಾತ್ರ ಹೊರಡಲಿಲ್ಲ. ಹೊಸ ಜಾಗದ ಸುತ್ತ ಒಂದು ಸುತ್ತು ನಡೆದು, ಮೂಲೆಯಲ್ಲಿ ನಿಂತು, ಬೂಟಿನಿಂದ ನೆಲ ಒತ್ತಿದ. ನೀರು ಚಿಮ್ಮಿತು.

“ಲೇಂಡರ್ಟ್, ಈ ಮೂಲೆ ತಗ್ಗಿದೆ. ಚಳಿಗಾಲದ ಮಳೇಲಿ ನಿಲ್ಲುತ್ತೆ. ಕಾಲುವೆ ತೋಡಬೇಕು.”

“ನೋಡ್ತೀನಿ. ಮುಂದಿನ ಸಭೆಯಲ್ಲಿ ಇಡ್ತೀನಿ.”

“ಸಭೆಯಲ್ಲಿ ಇಡಬೇಡ ಮಾರಾಯ. ಕೊಟ್ಟಿಗೇಲಿ ಗುದ್ದಲಿ ಇದೆ.”

ಲೇಂಡರ್ಟ್ ಅಲೆಯ್ಡಾಳನ್ನು ನೋಡಿದ. ಅವಳು ಆಗಲೇ ಕೋಟು ಬಿಚ್ಚಿ ಬೇಲಿಗೆ ಹಾಕುತ್ತಿದ್ದಳು. ಕ್ರೈನ್ ಕೊಟ್ಟಿಗೆಯಿಂದ ಗುದ್ದಲಿಗಳನ್ನು ಅಪ್ಪಿಕೊಂಡು ಬಂದು, ಒಂದನ್ನು ನನ್ನ ಕೈಗೆ ತುರುಕಿದ, ಒಂದನ್ನು ಹೆಸ್ಟರಳ ಮುಂದೆ ಹಿಡಿದ. ಅವಳು ತನ್ನ ಷೂ ನೋಡಿಕೊಂಡಳು, ನಮ್ಮನ್ನೆಲ್ಲ ನೋಡಿದಳು, ಷೂ ಬಿಚ್ಚಿ ಹುಲ್ಲಿನ ಮೇಲೆ ಜೋಡಿಸಿಟ್ಟು ಬರಿಗಾಲಲ್ಲಿ ಕೆಸರಿಗೆ ಇಳಿದಳು. ಎಷ್ಟು ಆಳ ತೋಡಬೇಕು ಅಂತ ಕೇಳಿದಳು.

“ನೀರು ಹರಿಯೋ ಅಷ್ಟು,” ಅಂದ ಕ್ರೈನ್.

ನಾವು ಹಳೇ ಹಳ್ಳದ ಕಡೆಗೆ ಇಳಿಜಾರು ಹಿಡಿದು ತೋಡತೊಡಗಿದೆವು. ಮಣ್ಣು ಭಾರವಾಗಿತ್ತು, ಜೇಡಿ. ಮನೆಯಿಂದ ಯಾರೋ ಕಾಫಿ ಆರ್ತಾ ಇದೆ ಅಂತ ಕೂಗಿದರು. ಕ್ರೈನ್ ಬರ್ತೀವಿ ಅಂತ ಕೈ ಎತ್ತಿ, ಮತ್ತೆ ಬಗ್ಗಿದ. ಮಧ್ಯಾಹ್ನದ ಹೊತ್ತಿಗೆ ನೀರು ಆ ಮೂಲೆಯಿಂದ ತೆಳ್ಳಗೆ ಹೊರಟು, ನಮ್ಮ ಕಾಲುಗಳ ನಡುವೆ ದಾರಿ ಹುಡುಕಿಕೊಂಡು, ಹಳ್ಳಕ್ಕೆ ಇಳಿಯಿತು.